ಹನ್ನೊಂದು ಲಕ್ಷ ಅಂಚೆಪೆಟ್ಟಿಗೆಗಳಿಗೆ ಒಬ್ಬಳೇ ಬುರುಲ್ಚಾ

ಬೆಳಗಿನ ಐದೂವರೆ. ಬಿಷ್ಕೆಕ್‌ನ ಇಮೇಲ್ ಕಂಪನಿಯೊಂದರ ನೆಲಮಾಳಿಗೆಯಲ್ಲಿ ಬುರುಲ್ಚಾ ಅಸನಲಿಯೇವಾ ಗಂಡನ ಉಣ್ಣೆಯ ಕೋಟು ತೊಟ್ಟು, ಯಂತ್ರಗಳ ಸಾಲಿನಲ್ಲಿ ಕೆಂಪು ದೀಪ ಹುಡುಕುತ್ತಿದ್ದಾರೆ. ಹೊರಗೆ ವಸಂತ ಬಂದಿದೆ. ಇಲ್ಲಿ ಮಾತ್ರ ಯಂತ್ರಗಳು ಬಿಸಿಯಾಗದಿರಲೆಂದು ವರ್ಷವಿಡೀ ಚಳಿ. ಏಳನೇ ಸಾಲಿನಲ್ಲಿ ದೀಪ ಸಿಗುತ್ತದೆ. ಕೆಟ್ಟ ಡಿಸ್ಕ್ ಎಳೆದು ಹೊಸದನ್ನು ತಳ್ಳುತ್ತಾರೆ. ಅದರಲ್ಲಿದ್ದುದೆಲ್ಲದರ ಪ್ರತಿ ಬೇರೊಂದು ಡಿಸ್ಕಿನಲ್ಲಿದೆ, ಹಾಗಾಗಿ ಯಾರ ಪತ್ರವೂ ಕಳೆದಿಲ್ಲ.

"ಕೆಲಸ ಕೆಟ್ರೆ ಊರಿಗೆಲ್ಲ ಗೊತ್ತಾಗ್ತದೆ. ಸರಿ ಹೋದ್ರೆ ಯಾರೂ ಕಣ್ಣೆತ್ತಿ ನೋಡಲ್ಲ" ಎನ್ನುತ್ತಾರೆ ಬುರುಲ್ಚಾ.

ಕಣ್ಣಿಗೆ ಬೀಳುವವನು ನಾಲ್ಕನೇ ಮಹಡಿಯ ಎಲಮಾನ್. "ಎಲ್ಲರಿಗೂ ಹತ್ತು ಜಿಬಿ ಉಚಿತ!" ಎಂದು ಬೀದಿಬೀದಿಯಲ್ಲಿ ಫಲಕ ಹಾಕಿಸಿದ ಪ್ರಚಾರದ ಮುಖ್ಯಸ್ಥ. ವಸಂತದ ಹೊಸ ವರ್ಷವಾದ ನೂರೂಜ್ ಹಬ್ಬಕ್ಕೆ ಕಂಪನಿ ಒಬ್ಬರಿಗೆ ಕಸೂತಿಯ ಚಪಾನ್ ಹೊದಿಸಿ ಗೌರವಿಸುತ್ತದೆ. ಮೂರು ವರ್ಷದಿಂದ ಆ ನಿಲುವಂಗಿ ಇವನ ಹೆಗಲಿಗೇ ಹೋಗುತ್ತಿದೆ.

"ಹೊಟ್ಟೆ ಉರಿಯಲ್ವಾ ಅಂತೀರಾ? ಧಗಧಗ ಉರೀತದೆ. ಮಾತು ಕೊಡೋನು ಅವನು, ಜಾಗ ಹೊಂದಿಸೋಳು ನಾನು. ನಂಗೂ ಒಂದ್ಸಲ ಆ ಚಪಾನ್ ಬೇಕು, ಅಷ್ಟೇ."

ಜಾಗ ಹೊಂದಿಸುವುದು ಸಣ್ಣ ಮಾತಲ್ಲ. ಹನ್ನೊಂದು ಲಕ್ಷ ಜನಕ್ಕೆ ಹತ್ತತ್ತು ಜಿಬಿಯ ಭರವಸೆ ಕೊಟ್ಟಾಗಿದೆ. ನೆಲಮಾಳಿಗೆಯಲ್ಲಿರುವ ಜಾಗ ಅದರ ಐದರಲ್ಲೊಂದು ಪಾಲೂ ಇಲ್ಲ. ಇದು ಮೋಸವಲ್ಲವೇ ಎಂದರೆ ನಗುತ್ತಾರೆ. "ಮದುವೆಗೆ ನಾನೂರು ಜನರನ್ನ ಕರೀತೀವಿ, ನಾನೂರು ಕುರ್ಚಿ ಹಾಕ್ತೀವಾ? ಮುಕ್ಕಾಲು ಮಂದಿ ಒಂದು ಜಿಬೀನೂ ತುಂಬಿಸಲ್ಲ." ಮದುವೆಯ ವಿಡಿಯೋವನ್ನು ಏಳು ತಲೆಮಾರಿನ ಬಳಗಕ್ಕೆಲ್ಲ ಕಳಿಸುವ ಊರಿದು. ಒಂದೇ ವಿಡಿಯೋ ಆರುನೂರು ಜನಕ್ಕೆ ಹೋದರೂ ಬುರುಲ್ಚಾ ನೆಲಮಾಳಿಗೆಯಲ್ಲಿ ಇಡುವುದು ಅದೊಂದನ್ನೇ. ಅದರ ಗಾತ್ರ ಮಾತ್ರ ಪ್ರತಿಯೊಬ್ಬರ ಹತ್ತು ಜಿಬಿಯ ಲೆಕ್ಕಕ್ಕೂ ಬೀಳುತ್ತದೆ.

ಮೊದಲು ಕೆಲಸಕ್ಕಿದ್ದ ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದಾಗ ಬುರುಲ್ಚಾಗೆ ಮೂವತ್ತಾರು. ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಈ ವಿದ್ಯೆ ಕಲಿತರು. ಹದಿನಾಲ್ಕು ವರ್ಷದ ಚಳಿಗೆ ಮೊಣಕಾಲು ಹಿಡಿದುಕೊಂಡಿವೆ.

ತುಂಬಿದ ಪೆಟ್ಟಿಗೆಗೆ ಬಂದ ಪತ್ರಗಳು ಮೂರು ದಿನ ಬಾಗಿಲಲ್ಲಿ ಕಾಯುತ್ತವೆ, ಆಮೇಲೆ ವಾಪಸ್. ಅವುಗಳ ವಿಳಾಸ, ಗಾತ್ರ, ದಿನ ಬುರುಲ್ಚಾಗೆ ಕಾಣುತ್ತವೆ, ಒಳಗಿನ ಮಾತು ಕಾಣುವುದಿಲ್ಲ. ಹಬ್ಬದ ವಾರ ಜನ ಹಳ್ಳಿಗೆ ಹೋಗಿರುತ್ತಾರೆಂದು ಕುರಿಗಾಹಿ, ಮೇಷ್ಟ್ರು ಎನ್ನದೆ ಕೇಳದವರ ಗಡುವಿಗೂ ಎರಡು ದಿನ ಸೇರಿಸುತ್ತಾರೆ. ಈಗ ಅದೇ ವಾರ, ಈ ಬೆಳಿಗ್ಗೆ ಗಡುವು ಮುಗಿಯುವವರ ಪಟ್ಟಿಯಲ್ಲಿ ಎಲಮಾನನ ಹೆಸರಿದೆ. ಒಂಬತ್ತು ಪತ್ರ ಕಾಯುತ್ತಿವೆ, ಹತ್ತು ಗಂಟೆಗೆ ಗಡುವು. ಎರಡು ಸಲ ಫೋನ್ ಮಾಡಿದರೂ ಆಸಾಮಿ ಎತ್ತುವುದಿಲ್ಲ.

"ಹೋಗ್ಲಿ, ಅನುಭವಿಸ್ಲಿ" ಎಂದು ಬುರುಲ್ಚಾ ಚಹಾ ಬಗ್ಗಿಸಿಕೊಳ್ಳುತ್ತಾರೆ. ಕಣ್ಣು ಗಡಿಯಾರದ ಮೇಲೆ. ಹತ್ತಕ್ಕೆ ಐದು ನಿಮಿಷ ಇರುವಾಗ ಬಟ್ಟಲು ಕುಕ್ಕಿ, ಗೊಣಗುತ್ತಲೇ ಅವನ ಗಡುವಿಗೂ ಎರಡು ದಿನ ಸೇರಿಸುತ್ತಾರೆ.

ಹನ್ನೊಂದಕ್ಕೆ ಎಲಮಾನ್ ಓಡಿ ಬರುತ್ತಾನೆ.

"ಅಕ್ಕಾ, ನಂಗೆ ಇಮೇಲೇ ಬರ್ತಿಲ್ಲ. ಒಂಚೂರು ಜಾಗ ಕೊಡಿ."

"ಬಾಪ್ಪಾ, ನೆಲಮಾಳಿಗೆ ದಾರಿ ಇವತ್ತು ಗೊತ್ತಾಯ್ತಾ? ನಿನ್ನ ಹತ್ತು ಜಿಬಿ ಏನ್ ಮಾಡ್ದೆ?"

ಎಲಮಾನ್ ಅಲ್ಲೇ ತನ್ನ ಪೆಟ್ಟಿಗೆ ತೆರೆಯುತ್ತಾನೆ. ಚಪಾನ್ ಹೊದ್ದ ತನ್ನದೇ ವಿಡಿಯೋವನ್ನು ತನಗೇ ಹನ್ನೊಂದು ಸಲ ಕಳಿಸಿಕೊಂಡಿದ್ದಾನೆ.

"ಕಳೆದುಹೋದ್ರೆ ಅಂತ ಭಯ ಅಕ್ಕಾ. ನೀವು ಇಡೋದು ಒಂದೇ ಅಲ್ವಾ?"

"ಇಡೋದು ಒಂದೇ, ನಿನ್ನ ಲೆಕ್ಕಕ್ಕೆ ಹನ್ನೊಂದು. ಅಳಿಸು."

ಹತ್ತು ಅಳಿಸುತ್ತಲೇ ಕಾದಿದ್ದ ಪತ್ರಗಳು ಒಳಬರುತ್ತವೆ. ಮೊದಲನೆಯದು ಆಡಳಿತ ಮಂಡಳಿಯದು. ಎಲಮಾನ್ ಗಟ್ಟಿಯಾಗಿ ಓದುತ್ತಾನೆ: ಈ ವರ್ಷವೂ ಚಪಾನ್ ನಿಮಗೇ, ಇವತ್ತು ಮಧ್ಯಾಹ್ನದೊಳಗೆ ಒಪ್ಪಿಗೆ ಬಾರದಿದ್ದರೆ ಎರಡನೇ ಹೆಸರಿಗೆ. ಆಮೇಲೆ ಇದ್ದಕ್ಕಿದ್ದಂತೆ ಓದು ನಿಲ್ಲಿಸುತ್ತಾನೆ.

"ಯಾರದಪ್ಪಾ ಎರಡನೇ ಹೆಸರು?"

"ನಿಮ್ದೇ ಅಕ್ಕಾ" ಎಂದು ತಲೆ ತಗ್ಗಿಸುತ್ತಾನೆ. ತಗ್ಗಿಸಿದ ತಲೆಯಲ್ಲೇ ಒಪ್ಪಿಗೆ ಬರೆದು ಕಳಿಸಿ, ಮೆಟ್ಟಿಲು ಹತ್ತುತ್ತಾನೆ.

ಹತ್ತು ಗಂಟೆಗೆ ಆ ಪತ್ರ ವಾಪಸಾಗಿದ್ದರೆ ಚಪಾನ್ ಬುರುಲ್ಚಾ ಹೆಗಲಿಗೆ ಬರುತ್ತಿತ್ತು. ಒಳಗೇನಿದೆ ಎಂದು ಮೊದಲೇ ಗೊತ್ತಿದ್ದರೆ ಆ ಎರಡು ದಿನ ಸೇರಿಸುತ್ತಿದ್ದಿರಾ ಎಂಬ ಪ್ರಶ್ನೆಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

"ಇನ್ನೂ ಐದು ನಿಮಿಷ ಜಾಸ್ತಿ ಬೈಕೊಂಡು ಸೇರಿಸ್ತಿದ್ದೆ. ಹೊಟ್ಟೆಕಿಚ್ಚು ನಂದು. ಪತ್ರ ಅವನದು. ವಾಪಸ್ ಕಳ್ಸೋಕೆ ನಾನ್ಯಾರು?"