ಹೋತ ಮುಟ್ಟದ ಜಾಲಿ

ನನಗೆ ಮೊಮ್ಮಗಳು ಹುಟ್ಟಿದಳು. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಲದು. ಆಗ ತಳಕಿನ ಕಡೆಯ ನಮ್ಮ ಊರಿಗೆಲ್ಲ ಒಂದೇ ಫೋನು. ಆ ಅಂಗಡಿಗೆ ಓಡಿಹೋಗಿ, ಅಳಿಯನಿಗೆ ತಿಳಿಸುವ ಮೊದಲೇ ಅಂಗಡಿಯವನಿಗೂ ಸೋಪು ಕೊಳ್ಳಲು ಬಂದವರಿಗೂ ಹೇಳಿ ಮುಗಿಸಿದ್ದೆ.

ಮಗಳು ಬಾಣಂತನಕ್ಕೆ ನಮ್ಮಲ್ಲೇ ಇದ್ದಳು. ಸುಡು ಬೇಸಿಗೆ. ತಗಡಿನ ಮನೆ ರೊಟ್ಟಿ ಹೆಂಚಿನಂತೆ ಕಾಯುತ್ತಿತ್ತು. ಕೂಸು ಹಗಲೂ ರಾತ್ರಿ ಅಳುತ್ತಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ಬಾಗಿಲ ಮುಂದೆಯೇ ತಂಪು ನೆರಳಿತ್ತು: ಸರ್ಕಾರದವರು ಸಸಿ ಕೊಟ್ಟ ಆಸ್ಟ್ರೇಲಿಯಾ ಜಾಲಿ. ನಮ್ಮ ಜಾಲಿಯ ಹಾಗೆ ಮುಳ್ಳಿಲ್ಲ. ನೀರು ಹಾಕಿದವರಿಲ್ಲ, ಆದರೂ ಮಳೆ ಕೈಕೊಟ್ಟ ವರ್ಷವೂ ಹಸಿರು. ಒಣ ಕೊಂಬೆ ಒಲೆಗೆ, ನೆಟ್ಟಗಿನದು ಗುದ್ದಲಿ ಕಾವಿಗೆ ಆಗುತ್ತಿತ್ತು. ಆ ಮರಕ್ಕೇ ನನ್ನ ಸೀರೆ ಕಟ್ಟಿ ಜೋಲಿ ಹಾಕೋಣ ಎಂದೆ.

ನಮ್ಮನೆಯವರು ಅಡ್ಡ ನಿಂತರು. ಕುರಿ ಮೇಕೆ ಕಾಯುವ ಮನೆತನ ನಮ್ಮದು. ಗೊತ್ತಿಲ್ಲದ ಸೊಪ್ಪನ್ನು ಮೊದಲು ಮಂದೆಯ ಹೋತದ ಮುಂದೆ ಹಿಡಿಯುವುದು, ಅದು ಮುಟ್ಟದಿದ್ದರೆ ವಿಷ ಎಂದು ಬಿಡುವುದು ವಾಡಿಕೆ. ನಮ್ಮ ಹೋತವೋ ಬೀಡಿ ಕಟ್ಟು, ಕ್ಯಾಲೆಂಡರು, ಬಸ್ ಟಿಕೆಟ್ಟು ಎಲ್ಲ ತಿಂದು ಅರಗಿಸಿಕೊಂಡಿತ್ತು. ಈ ಎಲೆಯನ್ನು ಮಾತ್ರ ಮೂಸಿ ಮುಖ ತಿರುಗಿಸಿತ್ತು.

“ಹೋತಾನೇ ಬ್ಯಾಡ ಅಂತೈತೆ. ಆ ಮರದ ಗಾಳಿ ಕೂಸಿಗೆ ಬ್ಯಾಡ.”

“ಕೂಸು ಎಲೆ ತಿಂತೈತೇನ್ರೀ? ಹಲ್ಲೇ ಬಂದಿಲ್ಲ!”

“ಮೊದ್ಲು ಹೋತ ತಿನ್ಲಿ. ಆಮ್ಯಾಕೆ ನಿನ್ ಜೋಲಿ.”

ಸರಿ, ತಿನ್ನಿಸಿಯೇ ತೀರುತ್ತೇನೆಂದು ಹೊರಟೆ. ಎಲೆಗೆ ಉಪ್ಪು ಸವರಿದೆ. ಉಪ್ಪು ನೆಕ್ಕಿತು, ಎಲೆ ಬಿಟ್ಟಿತು. ಬೆಲ್ಲದ ನೀರು ಚಿಮುಕಿಸಿದೆ. ನನ್ನ ಬೆರಳು ನೆಕ್ಕಿತು. ರೊಟ್ಟಿಯೊಳಗೆ ಸುತ್ತಿ ಕೊಟ್ಟೆ. ರೊಟ್ಟಿ ಒಳಗೆ ಹೋಯಿತು, ಎಲೆ ನನ್ನ ಕಾಲ ಮೇಲೆ ಬಿತ್ತು. ಕೊನೆಗೆ ನಾನೇ ಒಂದೆಲೆ ಬಾಯಿಗಿಟ್ಟು, “ಆಹಾ!” ಎನ್ನುತ್ತ ಅದರೆದುರು ಅಗಿದೆ. ಚಪ್ಪಲಿ ಅಗಿದಂತಿತ್ತು. ಹೋತ ನನ್ನನ್ನು ಮರುಕದಿಂದ ನೋಡಿತು.

ಬಾಗಿಲಲ್ಲಿ ನಿಂತ ಮಗಳು ಹೊಟ್ಟೆ ಹಿಡಿದುಕೊಂಡಳು. “ಅವ್ವಾ, ನಗಿಸ್ಬ್ಯಾಡ, ನೋಯ್ತೈತೆ!”

ಹಠ ಬಿಡದೆ, ಕೊಂಬೆ ಗಟ್ಟಿಯಿದೆಯೋ ನೋಡುತ್ತೇನೆಂದು ಸೀರೆ ಕಟ್ಟಿ ಖಾಲಿ ಜೋಲಿ ತೂಗಿದೆ. ಹೋತ ಬಂದಿತು. ಇಳಿಬಿದ್ದಿದ್ದ ಸೆರಗನ್ನು ಬಾಯಿಗೆ ಹಾಕಿಕೊಂಡು ಹಾಯಾಗಿ ಮೆಲ್ಲತೊಡಗಿತು.

ನಾನು ಕಿರುಚಿದೆ. ನಮ್ಮನೆಯವರು ಕೈ ಎತ್ತಿದರು. “ತಡಿಯೇ, ತಿನ್ಲಿ!”

“ಅದು ನನ್ ಸೀರೆ ಕಣ್ರೀ!”

“ಮರದಾಗಿಂದು ತಿಂತೋ ಇಲ್ಲೋ?”

ಕೂಸಿನ ಅಳುವಿಗೆ ಅವರಿಗೂ ನಿದ್ದೆಯಿರಲಿಲ್ಲ, ಕಣ್ಣು ಕೆಂಪಾಗಿದ್ದವು. ಸೋಲಲು ಒಂದು ನೆಪ ಬೇಕಿತ್ತು, ಪಾಪ. ನಾನೂ ಸೆರಗಿನ ಆಸೆ ಬಿಟ್ಟೆ.

ಹರಿದ ತುದಿ ಕತ್ತರಿಸಿ ಹಾಕಿ ಕೂಸನ್ನು ಜೋಲಿಯಲ್ಲಿ ಮಲಗಿಸಿದೆವು. ಒಂದೆರಡು ತೂಗಿಗೇ ಕಣ್ಣು ಮುಚ್ಚಿಬಿಟ್ಟಳು. ತೂಗುವ ಹಗ್ಗವನ್ನು ನನ್ನ ಕೈಗೆ ಕೊಡದೆ ಅವರೇ ಹಿಡಿದು ಕೂತರು.

“ಎಷ್ಟ್ ಚಂದ ಮಲ್ಗೈತೆ ನೋಡ್ರೀ,” ಎಂದು ಪಿಸುಗುಟ್ಟಿದೆ.

“ಏಯ್, ಮೆಲ್ಲಕೆ ಮಾತಾಡೇ!” ಎಂದು ಅವರು ಮಂದೆಯನ್ನು ಕೂಗುವ ದನಿಯಲ್ಲಿ ಗದರಿದರು. ಕೂಸು ಒಮ್ಮೆ ಬೆಚ್ಚಿ, ತುಟಿ ಚಪ್ಪರಿಸಿ, ಮತ್ತೆ ನಿದ್ದೆಹೋಯಿತು.