ಸೈಕಲ್ಲಿಗೆ ಕರ, ಟ್ರ್ಯಾಕ್ಟರಿಗೆ ಸಲಾಮು

ಎಪ್ಪತ್ತರ ದಶಕದಲ್ಲಿ ಹಾನಗಲ್ ಕಡೆಯ ನಮ್ಮೂರಿನ ಸಂತೆ ದಾರಿಯಲ್ಲಿ ಸೈಕಲ್ ಕರ ವಸೂಲಿ ಮಾಡುವವನೊಬ್ಬ ನಿಲ್ಲುತ್ತಿದ್ದ. ಕರ ಕಟ್ಟಿದ ಬಿಲ್ಲೆ ಇಲ್ಲದ ಸೈಕಲ್ ಕಂಡರೆ ಮೊದಲು ಗಾಲಿಯ ಗಾಳಿ ಬಿಡುತ್ತಿದ್ದ, ಆಮೇಲೆ "ಕಾಯ್ದೆ ನಂದಲ್ರಿ" ಅನ್ನುತ್ತಿದ್ದ.

ಒಮ್ಮೆ ನಮ್ಮ ಓಣಿಯ ದರ್ಜಿಯನ್ನು ಹಿಡಿದು ನಿಲ್ಲಿಸಿದ್ದಾಗ, ಗೌಡರ ಟ್ರ್ಯಾಕ್ಟರು ಮನೆಮಂದಿಯನ್ನೆಲ್ಲ ತುಂಬಿಕೊಂಡು ಸಿನೆಮಾಕ್ಕೆ ಹೊರಟಿತ್ತು. ಕರದವನು ಅದಕ್ಕೆ ಸಲಾಮು ಹೊಡೆದ.

"ಅದಕ್ಕ ಕರ ಇಲ್ಲೇನ್ರಿ?" ದರ್ಜಿ ಕೇಳಿದ.

"ಅದು ಒಕ್ಕಲುತನದ ಗಾಡಿ, ಮಾಫಿ ಐತಿ. ಕಾಯ್ದೆ ನಂದಲ್ರಿ."

ಮುಂದಿನ ಸಂತೆಗೆ ದರ್ಜಿ ಹ್ಯಾಂಡಲ್ಲಿಗೆ ಕುಡುಗೋಲು ಕಟ್ಟಿಕೊಂಡು ಬಂದ. "ಇದೂ ಒಕ್ಕಲುತನದ ಗಾಡೀನ ರೀ."

ಇವನು ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. "ಹರಿತೇನೋ ಐತಿ. ಹೊಲ ಎಲ್ಲೈತ್ರಿ?"

ಗಾಳಿ ಹೋಯಿತು.

ಸಂಜೆ ದರ್ಜಿ ಸೈಕಲ್ ತಳ್ಳಿಕೊಂಡು ಮನೆಗೆ ಹೊರಟಾಗ ಪಕ್ಕದಲ್ಲಿ ಇವನೂ ನಡೆದಿದ್ದ. ಕರ ಕಟ್ಟಬೇಕಾಗುತ್ತದೆಂದು ಇವನು ಸೈಕಲ್ಲನ್ನೇ ಇಟ್ಟಿರಲಿಲ್ಲ. ಹೊಲವಂತೂ ಇರಲೇ ಇಲ್ಲ.