ಪಠಾಣರ ಮನೆಯ ಹಿರಿಮಗಳು

ನನ್ನ ತಂಗಿಯ ನಿಕಾಹ್‌ಗೆ ನಾನು ಹೋಗಲಿಲ್ಲ. ಖಾಜಿಯವರು ಒಪ್ಪಿಗೆ ಕೇಳುವಾಗ ಮದುಮಗಳ ಪಕ್ಕದಲ್ಲಿ ಮನೆಯ ಹಿರಿಯ ಹೆಂಗಸು ಕೂರುವುದು ನಮ್ಮಲ್ಲಿ ವಾಡಿಕೆ. ಅಮ್ಮ ಬದುಕಿರಲಿಲ್ಲ, ಆ ಜಾಗ ನನ್ನದಾಗಿತ್ತು. ಬ್ರಿಸ್ಬೇನಿನಲ್ಲಿ ನಡೆದ ಆ ಮದುವೆಯಲ್ಲಿ ಅವಳ ಪಕ್ಕ ಕೂತವರು ಯಾರೋ ಪಕ್ಕದ ಮನೆಯ ಆಂಟಿಯಂತೆ.

ಅವಳು ಹುಟ್ಟಿದಾಗ ಅಮ್ಮನಿಗೆ ಕಾಯಿಲೆ. ಏಳನೇ ತರಗತಿ ಅರ್ಧಕ್ಕೆ ಬಿಟ್ಟು ಅವಳನ್ನು ಎತ್ತಿ ಆಡಿಸಿದವಳು ನಾನು. ಅವಳು ಓದಿ ಡಾಕ್ಟರಾದಳು, ಬ್ರಿಸ್ಬೇನಿನ ಆಸ್ಪತ್ರೆಗೆ ಬಂದಳು. ನಾನು ಅಷ್ಟರಲ್ಲಿ ಮಗನ ಜೊತೆ ಅಡಿಲೇಡಿನಲ್ಲಿದ್ದೆ. ಅವಳು ಮದುವೆಯಾಗಲಿದ್ದ ಹುಡುಗ ಚಿತ್ರದುರ್ಗದ ಕಡೆಯ ಎಂಜಿನಿಯರ್, ಒಳ್ಳೆಯವನು. ಆದರೆ ಪಿಂಜಾರರ ಮನೆಯವನು. ಅವನ ತಾತ ಊರೂರು ತಿರುಗಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದರಂತೆ. ಮನೆಮಾತೂ ಕನ್ನಡವೇ. ನಾವೋ ಪಠಾಣರು. ಮೈಸೂರಿನ ನಮ್ಮ ಮನೆಯಲ್ಲಿ ಅನ್ನಕ್ಕೆ ಕಷ್ಟವಿದ್ದ ದಿನಗಳಲ್ಲೂ ಅಪ್ಪ ಆ ಮಾತನ್ನು ಬಿಟ್ಟವರಲ್ಲ. ಕಾಬೂಲಿನಿಂದ ಕುದುರೆ ಹತ್ತಿ ಬಂದವರು ನಾವು, ಹೊರಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಅದನ್ನು ಕಾಯುವುದು ನನ್ನ ಕೆಲಸ ಅಂದುಕೊಂಡೆ. ಮಗ ಟಿಕೆಟ್ ತೆಗೆಯುತ್ತೇನೆ ಅಂದಾಗ ಮಂಡಿ ನೋವು ಎಂದೆ. ತಂಗಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಅವಳು ಒಂದು ಔಷಧಿಯ ಹೆಸರು ಹೇಳಿ ಫೋನಿಟ್ಟಳು.

ಆಮೇಲೆ ಅವರು ಪರ್ತ್‌ಗೆ ಹೋದರು, ಮಗಳು ಹುಟ್ಟಿದಳು. ಹಬ್ಬಕ್ಕೆ ಫೋನು ಬರುತ್ತಿತ್ತು. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಕಳೆದ ವರ್ಷ ಅಡಿಲೇಡಿನ ಮಾಡ್ಬರಿಯಲ್ಲಿ ನಮ್ಮ ಎದುರು ಮನೆಗೆ ಒಬ್ಬ ಮುದುಕಿ ಬಂದರು. ಕಂದಹಾರದವರು. ಬಹಳ ಕಾಲ ಪೇಶಾವರದಲ್ಲಿದ್ದವರಾದ್ದರಿಂದ ಉರ್ದು ಬರುತ್ತಿತ್ತು. ಕೊನೆಗೂ ನಮ್ಮವರೊಬ್ಬರು ಸಿಕ್ಕರು ಎಂದು ನನಗೆ ಹಿಗ್ಗು. ಮೊದಲ ದಿನವೇ, ನಾವೂ ಪಠಾಣರು ಎಂದೆ. ಅವರು ಸಂತೋಷದಿಂದ ತಮ್ಮ ಪಶ್ತೋ ಭಾಷೆಯಲ್ಲಿ ಏನೋ ಕೇಳಿದರು. ಅರ್ಥವಾಗದೆ ನಾನು ನಕ್ಕೆ. ಯಾವ ಖೇಲ್, ಅಂದರೆ ಯಾವ ಕುಲ, ಎಂದು ಕೇಳಿದರು. ಖಾನ್ ಎಂದೆ.

"ಖಾನ್ ಅಂತ ನಮ್ಮೂರಲ್ಲಿ ಹಾಲಿನವನನ್ನೂ ಕರೀತಾರೆ ಮಗಳೇ," ಎಂದು ನಕ್ಕು ಏಲಕ್ಕಿ ಹಾಕಿದ ಹಸಿರು ಚಹಾ ಬಗ್ಗಿಸಿದರು.

ಅವಮಾನವಾಯಿತು. ಆದರೂ ಮರುವಾರ ಹೋದೆ, ಹೋಗುತ್ತಲೇ ಇದ್ದೆ. ಪಠಾಣರು ಎಲ್ಲಿಂದ ಬಂದವರು ಎಂದು ಒಂದು ದಿನ ಕೇಳಿಯೇಬಿಟ್ಟೆ. ಹಿರಿಯರ ಪ್ರಕಾರ ಎಲ್ಲರೂ ಒಬ್ಬನೇ ಮೂಲಪುರುಷನ ಮಕ್ಕಳಂತೆ. ಅವನು ಪ್ರವಾದಿಯವರನ್ನು ಕಂಡು ಬಂದವನು. ಅವನ ವಂಶವನ್ನು ಇನ್ನೂ ಹಿಂದಕ್ಕೆ, ಬನೀ ಇಸ್ರಾಯೀಲರವರೆಗೂ, ಅಂದರೆ ಹಳೆಯ ಯಹೂದಿಗಳವರೆಗೂ, ಒಯ್ಯುವವರಿದ್ದಾರೆ. ಕಾಲೇಜಿಗೆ ಹೋಗುವ ಅವರ ಮೊಮ್ಮಗಳು ಇದನ್ನು ಒಪ್ಪುವುದಿಲ್ಲವಂತೆ. ಸುಲೇಮಾನ್ ಬೆಟ್ಟಗಳ ಆಸುಪಾಸಿನಲ್ಲಿ ಬೇರೆಬೇರೆ ಕಡೆಯ ಜನ ಬಂದು ನೆಲೆಸಿದರು, ಒಂದು ಮಾತು, ಒಂದು ನಡವಳಿಕೆ ಅವರನ್ನು ಕೂಡಿಸಿತು, ಕೂಡಿಕೊಂಡ ಮೇಲೆ ಒಬ್ಬ ತಾತನ ಕಥೆ ಕಟ್ಟಿಕೊಂಡರು ಎನ್ನುತ್ತಾಳಂತೆ. ವೇದದಲ್ಲಿ ಪಕ್ಥರು ಎಂಬ ಜನ ಬರುತ್ತಾರೆ, ಪಖ್ತೂನ್ ಎಂಬ ಹೆಸರು ಅಲ್ಲಿಂದಲೇ ಇರಬಹುದು ಎಂದು ಕೆಲವರು, ಅಲ್ಲವೆಂದು ಕೆಲವರು. ಅವರನ್ನು ಅಫ್ಘಾನ್ ಎಂದು ಬಹಳ ಹಿಂದಿನಿಂದ ಬೇರೆಯವರು ಕರೆಯುತ್ತಿದ್ದರಂತೆ.

"ನಾವು ನಮ್ಮನ್ನ ಪಶ್ತೂನ್, ಪಖ್ತೂನ್ ಅಂತೀವಿ. ಪಠಾಣ್ ಅನ್ನೋದು ಹಿಂದೂಸ್ತಾನದಲ್ಲಿ ನೀವು ನಮಗಿಟ್ಟ ಹೆಸರು," ಎಂದರು ಮುದುಕಿ.

ನಾನು ಕಾದುಕೊಂಡು ಬಂದ ಹೆಸರು ನಮ್ಮ ಕಡೆಯವರೇ ಇಟ್ಟದ್ದು. ಲೋಟ ಕೆಳಗಿಟ್ಟು, ಹಾಗಾದರೆ ಪಶ್ತೂನ್ ಯಾರು ಎಂದೆ. ಪಶ್ತೋ ಆಡಿದರೆ ಸಾಲದು, ಪಶ್ತೋ ಮಾಡಬೇಕು ಎಂದರು. ಮನೆಗೆ ಬಂದವರನ್ನು ಕಾಯುವುದು, ಕೊಟ್ಟ ಮಾತು ಉಳಿಸಿಕೊಳ್ಳುವುದು, ಇಂಥವು. ಇನ್ನೊಂದು, ನನವಾತೆ. ತಪ್ಪು ಮಾಡಿದವನು ತಾನೇ ಎದುರಾಳಿಯ ಮನೆಯೊಳಗೆ ಹೋಗಿ ನಿಲ್ಲುವುದು. ಅವರ ಚಿಕ್ಕಪ್ಪ ಹಾಗೆ ಕುರಿ ಹಿಡಿದುಕೊಂಡು ಹೋಗಿದ್ದರಂತೆ, ತಲೆ ಬಗ್ಗಿಸಿಕೊಂಡು. ನನ್ನ ವಿಷಯ ಆಕೆಗೆ ಗೊತ್ತಿರಲಿಲ್ಲ. ಸುಮ್ಮನೆ ಊರಿನ ಕಥೆ ಹೇಳಿದ್ದರು.

ಮನೆಗೆ ಬಂದು ಮಗನಿಗೆ ಪರ್ತ್‌ಗೆ ಟಿಕೆಟ್ ತೆಗೆಯಲು ಹೇಳಿದೆ.

ವಿಮಾನ ನಿಲ್ದಾಣಕ್ಕೆ ತಂಗಿಯ ಗಂಡನೇ ಬಂದಿದ್ದರು. ನನ್ನ ಪೆಟ್ಟಿಗೆ ಎತ್ತಿ ಕಾರಿಗಿಟ್ಟರು. ಭಾನುವಾರ ಸ್ವಾನ್ ವ್ಯಾಲಿಗೆ ಹೋಗೋಣ, ದ್ರಾಕ್ಷಿ ತೋಟ ನೋಡೋಣ ಎಂದರು. ನಾನು ಹೂಂಗುಟ್ಟುತ್ತಾ ಕೂತೆ. ನನ್ನ ಮೇಲೆ ಒಂದಿಷ್ಟಾದರೂ ಮುನಿಸು ತೋರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ತಂಗಿ ಬಾಗಿಲು ತೆಗೆದಳು. ಕಿವಿಯ ಹತ್ತಿರ ಕೂದಲು ನೆರೆತಿತ್ತು.

"ಬಾ ಆಪಾ. ಮಂಡಿ ನೋವು ಹೋಯ್ತಾ?"

ಅವರ ಮಗಳು ಓಡಿಬಂದು "ಹಾಯ್ ದೊಡ್ಡಮ್ಮ" ಎಂದಳು. ಅವಳಪ್ಪನ ಕನ್ನಡವೇ ಆ ಮನೆಯ ಮಾತಾಗಿತ್ತು. ಸೋಫಾ ತೋರಿಸಿ ಕೂರು ಎಂದಳು ತಂಗಿ. ನಾನು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಊಟವಾಗುತ್ತದೆ, ಮಾತು ಮತ್ತೆ ಒಳಗೇ ಉಳಿಯುತ್ತದೆ ಎಂದು ಗೊತ್ತಿತ್ತು. ನಾವಿಬ್ಬರು ಹುಟ್ಟಿದಾಗಿನಿಂದ ಉರ್ದುವಿನಲ್ಲಿ ಮಾತಾಡಿದವರು. ಅವತ್ತು, ಅವಳ ಗಂಡ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ಇದ್ದಾಗ, ಅವರಿಗೂ ಸೇರಲಿ ಎಂದು ನಾನು ಕನ್ನಡದಲ್ಲೇ ಹೇಳಿದೆ.

"ಆವತ್ತು ನಂಗೆ ಮಂಡಿ ನೋವಿರ್ಲಿಲ್ಲ. ಇವರು ಪಿಂಜಾರರು, ನಾವು ದೊಡ್ಡವರು ಅಂತ ಬರ್ಲಿಲ್ಲ. ಅಮ್ಮನ ಜಾಗದಲ್ಲಿ ನಾನು ಕೂರಬೇಕಿತ್ತು, ಕೂರ್ಲಿಲ್ಲ. ತಪ್ಪಾಯ್ತು ಕಣೇ. ನೀವೂ ನನ್ನ ಕ್ಷಮಿಸಿಬಿಡಿ."